ಅವಸರ ಯಾರದು?

ದ್ವಿತೀಯ ಪಿಯುಸಿಯ ಇಂಗ್ಲಿಷ್ ಪುಸ್ತಕದಲ್ಲಿ ಹಲವು ವರ್ಷಗಳಿಂದ ಮೊದಲ ಪಾಠವೇ ‘ರೋಮಿಯೋ ಅಂಡ್ ಜೂಲಿಯೆಟ್’. ಇಡೀ ನಾಟಕ ಅಲ್ಲಿಲ್ಲ, ಎರಡು ತುಣುಕುಗಳಿವೆ. ಔತಣದ ರಾತ್ರಿ ಹುಡುಗಿಯನ್ನು ಮೊದಲ ಸಲ ಕಂಡ ಹುಡುಗ ಅವಳ ಚೆಲುವನ್ನು ಹೊಗಳುವುದು ಒಂದು. ಮದುವೆಯಾದ ದಿನ ಬೇಗ ಕತ್ತಲಾಗಲಿ ಎಂದು ಹುಡುಗಿ ಹಂಬಲಿಸುವುದು ಇನ್ನೊಂದು. ಉಳಿದ ಕಥೆಯನ್ನು ಮೇಷ್ಟ್ರು ಬಾಯಲ್ಲೇ ಹೇಳಿ ಮುಗಿಸಬೇಕು. ನಾನೂ ಹಾಗೆ ಹೇಳಿ ಮುಗಿಸುತ್ತ ಬಂದವನು. ಕಥೆ ಮುಗಿದ ಮೇಲೆ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, ಇವರಿಬ್ಬರ ಸಾವಿಗೆ ಯಾರು ಹೊಣೆ ಅಂತ ಒಂದು ಸಾಲಿನಲ್ಲಿ ಬರೆಯಿರಿ ಎನ್ನುತ್ತೇನೆ.

ಉತ್ತರಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದೇ ಇಲ್ಲ. ಅವರ ದುಡುಕು. ಅವರ ಅವಸರ. ಪಾದ್ರಿ ಹೂಡಿದ ಉಪಾಯ. ಕೈಸೇರದ ಕಾಗದ. ಹಣೆಬರಹ. ಕಳೆದ ವರ್ಷ ಒಂದು ಹಾಳೆಯಲ್ಲಿ ‘ಅಪ್ಪ’ ಎಂದು ಬರೆದು, ಅದರ ಮೇಲೆ ಎರಡು ಗೀಟು ಎಳೆದು, ಪಕ್ಕದಲ್ಲಿ ‘ಅವಸರ’ ಎಂದು ಬರೆದಿತ್ತು. ಯಾರ ಹಾಳೆ ಎಂದು ನಾನು ಕೇಳಲಿಲ್ಲ. ಮಕ್ಕಳನ್ನು ದೂರುವ ಮನಸ್ಸೂ ನನಗಿಲ್ಲ. ಗೈಡಿನಲ್ಲಿ ಓದಿದ್ದನ್ನು, ಮನೆಯಲ್ಲಿ ಕೇಳಿದ್ದನ್ನು, ನಮ್ಮಂಥ ಮೇಷ್ಟ್ರುಗಳು ಹೇಳಿದ್ದನ್ನೇ ಅವರು ತಿರುಗಿ ಕೊಡುತ್ತಿದ್ದಾರೆ. ಹೆತ್ತವರಿಗೆ ತಿಳಿಸದೆ ಪ್ರೀತಿಸಿದರು, ಹೇಳದೆ ಮದುವೆಯಾದರು, ಕೇಳದೆ ಸತ್ತರು ಎಂಬ ತೀರ್ಪನ್ನು ನಾವು ಎಂದೋ ಬರೆದಿಟ್ಟಿದ್ದೇವೆ. ಆ ತೀರ್ಪು ತಪ್ಪು ಎಂದು ಹೇಳುವುದಕ್ಕೆ ಈ ಲೇಖನ. ಅದು ನಾಟಕಕ್ಕೆ ಮಾಡುವ ಅನ್ಯಾಯ ಮಾತ್ರ ಆಗಿದ್ದರೆ ನಾನು ಇಷ್ಟು ಕುದಿಯುತ್ತಿರಲಿಲ್ಲ.

ಮೊದಲಿಗೆ, ಈ ತೀರ್ಪು ಶೇಕ್ಸ್‌ಪಿಯರನದಲ್ಲ. ಇಟಲಿಯಲ್ಲಿ ಲುಯಿಜಿ ದ ಪೋರ್ತೊ ಬರೆದು, ಬಂದೆಲ್ಲೊ ಮತ್ತೆ ಹೇಳಿದ ಕಥೆ ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ಬಂದು, 1562ರಲ್ಲಿ ಆರ್ಥರ್ ಬ್ರೂಕ್ ಎಂಬವನ ಕೈಯಲ್ಲಿ ನೀಳ್ಗವನವಾಯಿತು. ಬ್ರೂಕ್ ತನ್ನ ಮುನ್ನುಡಿಯಲ್ಲೇ ಕಥೆಯ ನೀತಿಯನ್ನು ಬಿಡಿಸಿ ಹೇಳಿದ. ಕೆಟ್ಟ ಆಸೆಗೆ ಬಿದ್ದು, ಹೆತ್ತವರ ಅಧಿಕಾರವನ್ನು ಕಡೆಗಣಿಸಿ, ಹರಟೆಮಲ್ಲಿಯರ ಮತ್ತು ಮೂಢ ಪಾದ್ರಿಗಳ ಸಲಹೆಗೆ ಕಿವಿಗೊಟ್ಟ ಇಬ್ಬರು ಹಾಳಾದ ಕಥೆ ಇದು ಎಂಬುದು ಅವನ ಮಾತಿನ ತಿರುಳು. ಕೊನೆಯಲ್ಲಿ ಶಿಕ್ಷೆಯನ್ನೂ ಅದೇ ಲೆಕ್ಕದಲ್ಲಿ ಹಂಚಿದ: ವಿಷ ಮಾರಿದವನಿಗೆ ನೇಣು, ದಾದಿಗೆ ಗಡೀಪಾರು. ಮನೆಯ ಯಜಮಾನರಿಗೆ ಏನೂ ಇಲ್ಲ. ನಮ್ಮ ಗೈಡುಗಳು ಹೇಳುತ್ತಿರುವುದು ಈ ಬ್ರೂಕನ ಮುನ್ನುಡಿಯನ್ನು.

ಮೂರು ದಶಕಗಳ ಮೇಲೆ ಶೇಕ್ಸ್‌ಪಿಯರ್ ಅದೇ ಕಥೆಯನ್ನು ಎತ್ತಿಕೊಂಡ. ಘಟನೆಗಳನ್ನು ಬಹುಪಾಲು ಉಳಿಸಿಕೊಂಡು ಆ ನೀತಿಪಾಠವನ್ನು ಕೈಬಿಟ್ಟ. ನಾಟಕ ತೆರೆಯುವ ಮೇಳದ ಹದಿನಾಲ್ಕು ಸಾಲುಗಳಲ್ಲಿ ನಕ್ಷತ್ರಗಳ ಮಾತು ಬರುವುದು ಒಂದೇ ಸಲ. ಹೆತ್ತವರ ಹಗೆಯ ಮಾತು ಎರಡು ಸಲ ಬರುತ್ತದೆ, ಆ ಹಗೆಯನ್ನು ಮಕ್ಕಳ ಸಾವಲ್ಲದೆ ಬೇರೇನೂ ನಿಲ್ಲಿಸಲಾರದಾಗಿತ್ತು ಎಂದೂ ಮೇಳ ಹೇಳುತ್ತದೆ. ವಿಧಿ ವಿಧಿ ಎನ್ನುವವರು ನಕ್ಷತ್ರದ ಸಾಲನ್ನು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟಿದ್ದಾರೆ.

ಇನ್ನು ಅವಸರದ ವಿಚಾರ. ಬ್ರೂಕನಲ್ಲಿ ತಿಂಗಳುಗಟ್ಟಲೆ ಹರಿದ ಕಥೆಯನ್ನು ಶೇಕ್ಸ್‌ಪಿಯರ್ ಒಂದು ವಾರದೊಳಗೆ ಅದುಮಿದ್ದು ನಿಜ. ಭಾನುವಾರ ರಾತ್ರಿ ನೋಡಿದವರು ಸೋಮವಾರ ಮಧ್ಯಾಹ್ನ ಮದುವೆಯಾಗುತ್ತಾರೆ. ಇದು ಅವಸರವಲ್ಲ ಎಂದು ನಾನು ವಾದಿಸುವುದಿಲ್ಲ. ಆ ರಾತ್ರಿ ತೋಟದಲ್ಲಿ ನಿಂತ ಹುಡುಗನಿಗೆ, ಇದು ತೀರ ಹಠಾತ್ತಾಯಿತು, ಇದರಲ್ಲಿ ನನಗೆ ಸಂತೋಷವಿಲ್ಲ ಎಂದು ಹೇಳಿದವಳೂ ಜೂಲಿಯೆಟ್ಟೇ. ಆದರೆ ನಾಟಕದಲ್ಲಿ ಅವಸರ ಅವರಿಬ್ಬರದು ಮಾತ್ರವೇ? ಅವಳಪ್ಪ ಕ್ಯಾಪುಲೆಟ್ಟನನ್ನು ಸ್ವಲ್ಪ ಹಿಂಬಾಲಿಸಿ ನೋಡಿ. ಮೊದಲ ಅಂಕದಲ್ಲಿ ಪ್ಯಾರಿಸ್ ಎಂಬ ಸಿರಿವಂತ ಹುಡುಗಿಯನ್ನು ಕೇಳಿಕೊಂಡು ಬಂದಾಗ, ಮಗುವಿಗೆ ಇನ್ನೂ ಹದಿನಾಲ್ಕು ತುಂಬಿಲ್ಲ, ಎರಡು ಬೇಸಿಗೆ ಕಳೆಯಲಿ, ಅವಳ ಮನಸ್ಸನ್ನು ಗೆದ್ದುಕೋ, ಅವಳು ಒಪ್ಪಿದರೆ ನನ್ನ ಒಪ್ಪಿಗೆಯೂ ಉಂಟು ಎನ್ನುತ್ತಾನೆ. ಎಂಥ ತಿಳಿವಳಿಕೆಯ ಅಪ್ಪ ಎನಿಸುತ್ತದೆ. ಮರುದಿನ ರಾತ್ರಿಯೇ ಅದೇ ಬಾಯಿ ತಿರುಗುತ್ತದೆ. ಮನೆಯಲ್ಲಿ ಹೆಂಡತಿಯ ಅಣ್ಣನ ಮಗ ಟಿಬಾಲ್ಟ್ ರೋಮಿಯೋನ ಕೈಯಲ್ಲಿ ಸತ್ತ ಸೂತಕ. ಮಗಳು ಮಹಡಿಯ ಮೇಲೆ ಅಳುತ್ತಿದ್ದಾಳೆ. ಅವಳನ್ನು ಒಂದು ಮಾತು ಕೇಳದೆ ಅಪ್ಪ ಮಾತು ಕೊಡುತ್ತಾನೆ. ಇವತ್ತು ಯಾವ ವಾರ? ಸೋಮವಾರ. ಬುಧವಾರ ತೀರ ಹತ್ತಿರವಾಯಿತು, ಗುರುವಾರ ಇಟ್ಟುಕೊಳ್ಳೋಣ. ಎರಡು ವರ್ಷ ಮೂರು ದಿನಕ್ಕೆ ಇಳಿದದ್ದು ಹೀಗೆ.

ಅಷ್ಟಕ್ಕೇ ನಿಲ್ಲಲಿಲ್ಲ. ಮಂಗಳವಾರ ಮಗಳು ಸುಳ್ಳುಸುಳ್ಳೇ ತಲೆಬಾಗಿದಾಗ, ಆ ಸಂತೋಷದಲ್ಲಿ ಅಪ್ಪ ಮದುವೆಯನ್ನು ಮರುದಿನ ಬೆಳಿಗ್ಗೆಗೇ ಎಳೆದುಕೊಂಡ. ಗುರುವಾರವೇ ಸಾಕಷ್ಟು ಬೇಗ ಎಂದು ಹೆಂಡತಿ ಹೇಳಿದರೂ ಕೇಳಲಿಲ್ಲ. ತಾನೇ ರಾತ್ರಿಯಿಡೀ ಎಚ್ಚರವಿದ್ದು ಅಡುಗೆಯವರನ್ನು ಓಡಾಡಿಸಿದ. ಆ ಒಂದು ದಿನ ಕಿತ್ತುಕೊಂಡದ್ದರಿಂದ ಜೂಲಿಯೆಟ್ ಪಾದ್ರಿ ಕೊಟ್ಟ ನಿದ್ದೆಯ ಔಷಧಿಯನ್ನು ಒಂದು ರಾತ್ರಿ ಮೊದಲೇ ಕುಡಿಯಬೇಕಾಯಿತು. ಮ್ಯಾಂಟುವಾದಲ್ಲಿದ್ದ ರೋಮಿಯೋಗೆ ಸುದ್ದಿ ಮುಟ್ಟಿಸಲು ಇದ್ದ ಕಾಲಾವಕಾಶದಲ್ಲಿ ಒಂದು ದಿನ ಹೋಯಿತು. ಕಾಗದ ತಲುಪದ್ದರ ಬಗ್ಗೆ ಪುಟಗಟ್ಟಲೆ ಬರೆಯುವವರು ಹೋದ ಈ ದಿನದ ಬಗ್ಗೆ ಏಕೆ ಸುಮ್ಮನಿರುತ್ತಾರೆ?

ವಯಸ್ಸಿನ ಮಾತೂ ಹೀಗೆಯೇ. ಹದಿಮೂರರ ಹುಡುಗಿಗೆ ಪ್ರೀತಿ ಏನು ಗೊತ್ತು ಎಂದು ಕೇಳುತ್ತಾರೆ. ಬ್ರೂಕನ ಕಥೆಯಲ್ಲಿ ಹದಿನಾರರ ಹತ್ತಿರವಿದ್ದವಳನ್ನು ಶೇಕ್ಸ್‌ಪಿಯರ್ ಬೇಕೆಂದೇ ಹದಿಮೂರಕ್ಕೆ ಇಳಿಸಿದ್ದಾನೆ. ಹದಿಮೂರು ಮದುವೆಯ ವಯಸ್ಸಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳ ತಾಯಿ, ನಿನ್ನ ವಯಸ್ಸಿಗೆ ನಾನು ನಿನ್ನನ್ನು ಹೆತ್ತಿದ್ದೆ ಎಂದು ಹೇಳಿ ಪ್ಯಾರಿಸ್‌ನನ್ನು ಒಪ್ಪಿಸಲು ನೋಡಿದಾಗ ಯಾರಿಗೂ ಅವಳ ವಯಸ್ಸು ನೆನಪಾಗಲಿಲ್ಲ. ಹಿರಿಯರು ಗೊತ್ತುಮಾಡಿದ ಗಂಡಿಗೆ ಮೂರು ದಿನದಲ್ಲಿ ಹೆಂಡತಿಯಾಗಲು ದೊಡ್ಡವಳು, ತಾನೇ ಒಬ್ಬನನ್ನು ಆರಿಸಿಕೊಳ್ಳಲು ಮಾತ್ರ ಎಳಸು. ಈ ಎರಡು ತಕ್ಕಡಿ ನಮಗೆ ತೀರ ಪರಿಚಿತ.

ನಾಟಕದ ನಿಜವಾದ ಕೊಲೆ ನಡೆಯುವುದು ಗೋರಿಯಲ್ಲಿ ಅಲ್ಲ, ಮೂರನೆಯ ಅಂಕದ ಐದನೆಯ ದೃಶ್ಯದಲ್ಲಿ, ಅವಳ ಕೋಣೆಯಲ್ಲಿ ಎಂದು ನನಗೆ ಪ್ರತಿ ಸಲ ಓದುವಾಗಲೂ ಅನಿಸುತ್ತದೆ. ಬೆಳಗಿನ ಜಾವ ರೋಮಿಯೋ ಕಿಟಕಿಯಿಂದ ಇಳಿದು ಗಡೀಪಾರಿಗೆ ಹೋಗಿದ್ದಾನೆ. ಆ ಹಿಂದೆಯೇ ತಾಯಿ ಬರುತ್ತಾಳೆ. ಮಗಳು ಅಳುವುದು ಟಿಬಾಲ್ಟನಿಗಾಗಿ ಎಂದುಕೊಂಡು ಅವಳನ್ನು ಸಮಾಧಾನಪಡಿಸಲು ಆಡುವ ಮಾತು ಯಾವುದು ಗೊತ್ತೇ? ಮ್ಯಾಂಟುವಾಕ್ಕೆ ಆಳು ಕಳಿಸಿ ಆ ರೋಮಿಯೋಗೆ ವಿಷ ಹಾಕಿಸುತ್ತೇನೆ ಎಂದು. ಆ ಹುಡುಗನಿಗೆ ವಿಷ ಹಾಕಿಸುವ ಯೋಚನೆ ನಾಟಕದಲ್ಲಿ ಬರುವುದು ಹುಡುಗಿಯ ತಾಯಿಯ ಬಾಯಲ್ಲಿ. ಮುಂದೆ ಅದೇ ಮ್ಯಾಂಟುವಾದ ಔಷಧಿ ಅಂಗಡಿಯಿಂದಲೇ ಅವನು ಅದನ್ನು ಕೊಳ್ಳುತ್ತಾನೆ.

ಮದುವೆಯ ಸುದ್ದಿ ಹೇಳಿದಾಗ ಹುಡುಗಿ ಬೇಡ ಎನ್ನುತ್ತಾಳೆ. ಅಪ್ಪ ಬರುತ್ತಾನೆ. ಅವಳು ಮೊಣಕಾಲೂರಿ ಒಂದು ಮಾತು ಆಡಲು ಬಿಡಿ ಎಂದು ಬೇಡಿಕೊಳ್ಳುತ್ತಾಳೆ. ಅವನು ಬಿಡುವುದಿಲ್ಲ. ಗುರುವಾರ ಚರ್ಚಿಗೆ ನಡೆ, ಇಲ್ಲವಾದರೆ ಅಪರಾಧಿಗಳನ್ನು ಎಳೆಯುವ ಹಲಗೆಯ ಮೇಲೆ ಹಾಕಿ ಎಳೆಸುತ್ತೇನೆ ಎನ್ನುತ್ತಾನೆ. ಹೊಡೆಯಲು ಕೈ ತುರಿಸುತ್ತಿದೆ ಎನ್ನುತ್ತಾನೆ. ಒಬ್ಬಳೇ ಮಗಳು ಅಂತ ಅಂದುಕೊಂಡಿದ್ದೆವು, ಈ ಒಬ್ಬಳೇ ಹೆಚ್ಚಾದಳು ಎನ್ನುತ್ತಾನೆ. ಒಪ್ಪದಿದ್ದರೆ ಬೀದಿಯಲ್ಲಿ ಭಿಕ್ಷೆ ಬೇಡಿ ಹಸಿದು ಸಾಯಿ, ನನ್ನ ಆಸ್ತಿಯಲ್ಲಿ ಚಿಕ್ಕಾಸು ನಿನಗಿಲ್ಲ ಎನ್ನುತ್ತಾನೆ. ಅವನು ಹೊರನಡೆದ ಮೇಲೆ ಹುಡುಗಿ ತಾಯಿಯತ್ತ ತಿರುಗುತ್ತಾಳೆ: ಒಂದು ತಿಂಗಳು, ಒಂದು ವಾರವಾದರೂ ಮುಂದೂಡಿಸಮ್ಮ. ನಾಟಕದ ಉದ್ದಕ್ಕೂ ಅವಸರದವಳು ಎಂದು ಬೈಸಿಕೊಂಡವಳು ಕೇಳುತ್ತಿರುವುದು ಒಂದು ವಾರದ ವಾಯಿದೆ! ತಾಯಿ, ನನ್ನ ಹತ್ತಿರ ಮಾತಾಡಬೇಡ ಎಂದು ಹೊರಟುಹೋಗುತ್ತಾಳೆ. ಈ ಹುಡುಗಿ ಗೋರಿಯನ್ನೇ ಮದುವೆಯಾಗಲಿ ಎಂದು ಸ್ವಲ್ಪ ಮುಂಚೆ ಶಪಿಸಿದವಳೂ ಅವಳೇ. ಉಳಿದವಳು ಎದೆಹಾಲು ಕುಡಿಸಿ ಬೆಳೆಸಿದ ದಾದಿ. ಹಿಂದಿನ ದಿನವಷ್ಟೇ ಓಡಾಡಿ ಮದುವೆ ಮಾಡಿಸಿದವಳು ಈಗ, ರೋಮಿಯೋ ಹೇಗೂ ತಿರುಗಿ ಬರುವಂತಿಲ್ಲ, ಪ್ಯಾರಿಸ್‌ನನ್ನೇ ಕಟ್ಟಿಕೋ ಎನ್ನುತ್ತಾಳೆ. ಒಂದೇ ದೃಶ್ಯದಲ್ಲಿ ಮೂರು ಬಾಗಿಲು ಮುಚ್ಚುತ್ತವೆ. ಪಾದ್ರಿಯ ಹತ್ತಿರ ಹೋಗುವಾಗ ಅವಳ ಕೈಯಲ್ಲಿ ಚೂರಿ ಇರುತ್ತದೆ. ಇಷ್ಟು ಓದಿದ ಮೇಲೂ ‘ದುಡುಕು’ ಎಂಬ ಪದ ಹೇಗೆ ಬರೆಯಲು ಬರುತ್ತದೆಂದು ನನಗೆ ತಿಳಿಯುವುದಿಲ್ಲ.

ಪಾದ್ರಿ ಲಾರೆನ್ಸ್‌ನನ್ನು ದೂರುವವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅವನು ಹೂಡಿದ ಉಪಾಯ ಅಪಾಯದ್ದು. ಕೊನೆಗೆ ಗೋರಿಯಲ್ಲಿ ಕಾವಲುಗಾರರ ಸದ್ದು ಕೇಳಿ, ಗಂಡನ ಹೆಣದ ಪಕ್ಕ ಆಗಷ್ಟೇ ಎಚ್ಚೆತ್ತ ಹುಡುಗಿಯನ್ನು ಒಬ್ಬಳನ್ನೇ ಬಿಟ್ಟು ಓಡಿಹೋದ. ಅದು ಹೇಡಿತನ, ನಾನು ಅದನ್ನು ಮುಚ್ಚಿಹಾಕುವುದಿಲ್ಲ. ಆದರೆ ನಲವತ್ತೆರಡು ಗಂಟೆ ಹೆಣದಂತೆ ಮಲಗಿಸುವ ಔಷಧಿಯವರೆಗೆ ಅವನು ಏಕೆ ಹೋಗಬೇಕಾಯಿತು? ಇಬ್ಬರ ಒಪ್ಪಿಗೆಯೇ ಮದುವೆಯ ಜೀವಾಳ ಎಂಬುದು ಚರ್ಚಿನ ಹಳೆಯ ಕಟ್ಟಳೆ. ಇಲ್ಲಂತೂ ಪಾದ್ರಿಯೇ ನಿಂತು ಮಾಡಿಸಿದ್ದಾನೆ. ನಿಮ್ಮ ಮಗಳಿಗೆ ಆಗಲೇ ಮದುವೆಯಾಗಿದೆ ಎಂಬ ಒಂದೇ ಮಾತು ಕ್ಯಾಪುಲೆಟ್ ಮನೆಯಲ್ಲಿ ಹೇಳಿದ್ದರೆ ಪ್ಯಾರಿಸ್‌ನ ಮದುವೆ ಅಲ್ಲಿಗೇ ನಿಲ್ಲುತ್ತಿತ್ತು. ಆ ಮಾತನ್ನು ಹುಡುಗಿ ಹೇಳಲಿಲ್ಲ, ದಾದಿ ಹೇಳಲಿಲ್ಲ, ಪಾದ್ರಿಯೂ ಹೇಳಲಿಲ್ಲ. ಬೀದಿಯಲ್ಲಿ ಆಳುಗಳು ಜಗಳವಾಡಿದರೆ ನಿಲುವಂಗಿಯಲ್ಲೇ ಓಡಿಬಂದು ನನ್ನ ಕತ್ತಿ ಕೊಡಿ ಎನ್ನುವ ಯಜಮಾನ, ವಿಷ ಹಾಕಿಸಲು ಸಿದ್ಧಳಾದ ಯಜಮಾನಿ ಇರುವ ಮನೆಯಲ್ಲಿ ಆ ಮಾತು ಹೇಳುವವರ ಜೀವ ಉಳಿಯುತ್ತಿತ್ತೇ? ನಿಜ ಹೇಳಲಾಗದ ಮನೆ ಕಟ್ಟಿದವರನ್ನು ಬಿಟ್ಟು, ಗುಟ್ಟು ಕಾಪಾಡಿದವನನ್ನು ಕಟಕಟೆಗೆ ಎಳೆಯುತ್ತೇವೆ. ಎರಡು ಮನೆಗಳ ಹಗೆ ಈ ಮದುವೆಯಿಂದಾದರೂ ಅಳಿಯಲಿ ಎಂದು ಬಯಸಿದ ಹಿರಿಯ ಇಡೀ ಊರಿನಲ್ಲಿ ಅವನೊಬ್ಬನೇ ಎಂಬುದನ್ನೂ ಮರೆಯುತ್ತೇವೆ.

ಕಾಗದದ ವಿಷಯ ಹೇಳಿಬಿಡುತ್ತೇನೆ. ಅದನ್ನು ಒಯ್ಯಬೇಕಿದ್ದ ಇನ್ನೊಬ್ಬ ಪಾದ್ರಿಯನ್ನು, ಪ್ಲೇಗಿನ ಶಂಕೆಯಿಂದ ಊರಿನ ಆರೋಗ್ಯಾಧಿಕಾರಿಗಳು ಒಂದು ಮನೆಯೊಳಗೆ ಹಾಕಿ ಬಾಗಿಲಿಗೆ ಮೊಹರು ಹಾಕಿದರು. 1592ರಿಂದ 1594ರವರೆಗೆ ಪ್ಲೇಗಿನಿಂದಾಗಿ ಲಂಡನ್ನಿನ ನಾಟಕಶಾಲೆಗಳೇ ಬಹುಕಾಲ ಮುಚ್ಚಿದ್ದವು. ನೋಡುವವರಿಗೆ ಆ ಮೊಹರು ಹೊಸದೇನಲ್ಲ. ಇದು ಆಕಸ್ಮಿಕವೇ, ಒಪ್ಪಿದೆ. ಕಾಗೆ ಕೂತಿತು, ಕೊಂಬೆ ಮುರಿಯಿತು. ಆ ಕೊಂಬೆಯನ್ನು ಮುಕ್ಕಾಲು ಪಾಲು ಕಡಿದಿಟ್ಟವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ. ಅಪ್ಪನ ಮನೆಯ ಊಟದ ಮೇಜಿನ ಮೇಲೆ ಆಡಬಹುದಾಗಿದ್ದ ಮಾತು ನಲವತ್ತು ಕಿಲೋಮೀಟರ್ ದೂರಕ್ಕೆ ಕದ್ದು ಹೋಗಬೇಕಾಗಿ ಬಂದಾಗ ಎರಡು ಜೀವಗಳು ಒಂದು ಹಾಳೆಯ ಮೇಲೆ ನಿಂತವು.

ಇದೆಲ್ಲ ತಿಳಿಯದೆ ನಡೆದ ಅನಾಹುತ, ಪಾಪ ಹಿರಿಯರಿಗೇನು ಗೊತ್ತಿತ್ತು ಎನ್ನುವವರಿದ್ದಾರೆ. ಗೊತ್ತಿತ್ತು. ಔತಣದ ರಾತ್ರಿ ಮುಖವಾಡ ತೊಟ್ಟು ಬಂದ ರೋಮಿಯೋನನ್ನು ಟಿಬಾಲ್ಟ್ ಗುರುತು ಹಿಡಿದು ಕತ್ತಿ ತರಲು ಹೇಳಿದಾಗ ತಡೆದವನು ಕ್ಯಾಪುಲೆಟ್ಟೇ. ಆ ಹುಡುಗ ಒಳ್ಳೆಯವನು, ನಡತೆಯವನು ಎಂದು ಊರೇ ಹೇಳುತ್ತದೆ, ಸುಮ್ಮನಿರು ಎಂದು ಗದರಿಸುತ್ತಾನೆ. ಹುಡುಗ ಒಳ್ಳೆಯವನೆಂದು ಹುಡುಗಿಯ ಅಪ್ಪನಿಗೇ ಗೊತ್ತು! ಅದಕ್ಕೂ ಮೊದಲು ದೊರೆ ಎಚ್ಚರಿಕೆ ಕೊಟ್ಟು ಕಳಿಸಿದಾಗ, ನಮ್ಮಂಥ ಮುದುಕರಿಗೆ ಶಾಂತಿಯಿಂದಿರುವುದೇನು ಕಷ್ಟ ಎಂದು ಅವನೇ ಪ್ಯಾರಿಸ್‌ನ ಮುಂದೆ ಹೇಳಿದ್ದಾನೆ. ಕಷ್ಟವಲ್ಲ ಎಂದು ಗೊತ್ತಿದ್ದೂ ಮಾಡಲಿಲ್ಲ. ಅವನು ರೋಮಿಯೋನ ಅಪ್ಪ ಮಾಂಟೆಗ್ಯೂ ಮನೆಯ ಬಾಗಿಲು ತಟ್ಟಲಿಲ್ಲ, ಮಾಂಟೆಗ್ಯೂ ಇವನ ಬಾಗಿಲು ತಟ್ಟಲಿಲ್ಲ. ಹಗೆ ಯಾತಕ್ಕೆ ಹುಟ್ಟಿತೆಂದು ನಾಟಕದಲ್ಲಿ ಒಬ್ಬರೂ ಹೇಳುವುದಿಲ್ಲ, ಬಹುಶಃ ಅವರಿಗೇ ನೆನಪಿಲ್ಲ.

ದೊರೆ ಎಸ್ಕಲಸ್‌ನ ಪಾಲೂ ಇದೆ. ಬೀದಿ ಕಾಳಗ ಮೂರು ಸಲ ನಡೆಯುವವರೆಗೆ ಸುಮ್ಮನಿದ್ದು, ಇನ್ನೊಮ್ಮೆ ನಡೆದರೆ ತಲೆದಂಡ ಎಂದ. ನಾಲ್ಕನೆಯದು ನಡೆದು ಅವನ ನೆಂಟ ಮರ್ಕ್ಯೂಷಿಯೋ, ಆಮೇಲೆ ಟಿಬಾಲ್ಟ್ ಸತ್ತಾಗ ಹುಡುಗನಿಗೆ ಗಡೀಪಾರು, ಹಿರಿಯರಿಗೆ ದಂಡದ ಹಣ. ರೋಮಿಯೋ ಇಬ್ಬರನ್ನು ಕೊಂದಿದ್ದಾನೆ, ಟಿಬಾಲ್ಟನನ್ನು ಬೀದಿಯಲ್ಲಿ, ಪ್ಯಾರಿಸ್‌ನನ್ನು ಗೋರಿಯ ಬಾಗಿಲಲ್ಲಿ. ಆ ರಕ್ತ ಅವನದೇ, ನಾನು ತೊಳೆಯಲಾರೆ. ಆದರೂ ದೊರೆ ಕೊನೆಯಲ್ಲಿ ನಿಂತು, ನಿಮ್ಮ ಜಗಳ ಕಂಡೂ ಕಾಣದಂತಿದ್ದುದಕ್ಕೆ ನಾನೂ ಇಬ್ಬರು ನೆಂಟರನ್ನು ಕಳೆದುಕೊಂಡೆ ಎಂದು ತನ್ನ ಪಾಲನ್ನು ಒಪ್ಪಿಕೊಳ್ಳುತ್ತಾನೆ. ನಮ್ಮ ಉತ್ತರಪತ್ರಿಕೆಗಳಿಗಿಂತ ಅವನ ಲೆಕ್ಕ ಸರಿಯಾಗಿದೆ.

ಆ ಕಾಲವೇ ಹಾಗಿತ್ತು, ಅಪ್ಪಂದಿರು ಇನ್ನೇನು ಮಾಡಬಹುದಿತ್ತು ಎಂದು ಹೇಳುವವರಿಗೆ ನಮ್ಮ ಕಲ್ಯಾಣವನ್ನು ನೆನಪಿಸಬೇಕು. 12ನೇ ಶತಮಾನದಲ್ಲಿ, ಶರಣರ ಪರಂಪರೆ ಹೇಳಿಕೊಂಡು ಬಂದಿರುವಂತೆ, ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸ ತನ್ನ ಮಗಳನ್ನು ಕೊಟ್ಟ. ಊರು ಕೆರಳಿತು. ಬಿಜ್ಜಳನ ಆಳ್ವಿಕೆ ಆ ಇಬ್ಬರು ಅಪ್ಪಂದಿರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟಿತು. ಅಲ್ಲಿ ಎಳೆಸಿಕೊಂಡು ಸತ್ತವರು ಅಪ್ಪಂದಿರು. ನಾಟಕ ನಡೆಯುವ ವೆರೋನಾದ ಅಪ್ಪ ಮಗಳನ್ನು ಎಳೆಸುತ್ತೇನೆ ಎಂದವನು. ಕಾಲ ಎಲ್ಲರನ್ನೂ ಒಂದೇ ಥರ ಮಾಡುವುದಿಲ್ಲ.

ನಾನು ಕುದಿಯುವುದು ಈ ಕಾರಣಕ್ಕೆ. ಹರೆಯದ ಇಬ್ಬರು ಸತ್ತ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಹೇಗೆ ಬರುತ್ತದೆ ಗಮನಿಸಿ. ‘ಪ್ರೀತಿಗೆ ಮನೆಯವರ ವಿರೋಧ, ಮನನೊಂದು’ ಎಂದು ಶುರುವಾಗಿ, ಆ ‘ಮನೆಯವರು’ ಎಂಬ ಪದದೊಳಗೆ ಮುಖಗಳೆಲ್ಲ ಕರಗಿಹೋಗುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಹೊರತರುವ ಆತ್ಮಹತ್ಯೆಗಳ ವರದಿಯಲ್ಲಿ ಕಾರಣಗಳ ಸಾಲಿನಲ್ಲಿ ‘ಪ್ರೇಮ ಪ್ರಕರಣ’ ಎಂಬುದೊಂದು ಕಾಲಮ್ಮು. ಪ್ರೇಮವೇ ಕಾರಣ! ಕೋಣೆಗೆ ಬೀಗ ಹಾಕಿದ್ದು, ಮೊಬೈಲ್ ಕಿತ್ತುಕೊಂಡದ್ದು, ಬೇರೆ ಹುಡುಗನೊಂದಿಗೆ ವಾರದೊಳಗೆ ನಿಶ್ಚಿತಾರ್ಥ ಗೊತ್ತುಮಾಡಿದ್ದು, ನೀನು ನಮ್ಮ ಪಾಲಿಗೆ ಸತ್ತೆ ಎಂದದ್ದು, ಇವಕ್ಕೆ ಅಲ್ಲಿ ಕಾಲಮ್ಮಿಲ್ಲ.

ಕಾನೂನು ಇದಕ್ಕಿಂತ ಮುಂದೆ ಹೋಗಿದೆ. ವಯಸ್ಸಿಗೆ ಬಂದ ಇಬ್ಬರು ತಮಗೆ ಬೇಕಾದವರನ್ನು ಮದುವೆಯಾಗಬಹುದು, ಅವರಿಗೆ ಪೊಲೀಸರು ರಕ್ಷಣೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಲತಾ ಸಿಂಗ್ ಪ್ರಕರಣದಲ್ಲಿ ಹೇಳಿತು. 2018ರ ಶಕ್ತಿವಾಹಿನಿ ತೀರ್ಪಿನಲ್ಲಿ ಅಂಥ ಜೋಡಿಗಳಿಗೆ ಸುರಕ್ಷಿತ ಮನೆಗಳ ಮಾತನ್ನೂ ಆಡಿತು. ಆದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ಹೋದವರ ಹೆಸರು, ವಿಳಾಸ ನೋಂದಣಿ ಕಚೇರಿಯ ಗೋಡೆಗೆ ಅಂಟುತ್ತದೆ, ಮೂವತ್ತು ದಿನ ಆಕ್ಷೇಪಣೆಗೆ ಕಾಯಬೇಕು. 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಆ ಪ್ರಕಟಣೆ ಜೋಡಿ ಬಯಸಿದರೆ ಮಾತ್ರ ಸಾಕು ಎಂದಿತು. ಕಾಯ್ದೆಯ ಮಾತು ಹಾಗೇ ಇದೆ. ವೆರೋನಾದಲ್ಲಿ ಪ್ರೇಮಿಗಳಿಗೆ ಬರೆದ ಕಾಗದ ತಲುಪಲಿಲ್ಲ. ಇಲ್ಲಿ ಗೋಡೆಗೆ ಅಂಟಿಸಿದ ಕಾಗದ ಮನೆಯವರನ್ನು ತಪ್ಪದೆ ತಲುಪುತ್ತದೆ.

ವೆರೋನಾದ ವಿಯಾ ಕಾಪೆಲ್ಲೊ ಬೀದಿಯಲ್ಲಿ ‘ಜೂಲಿಯೆಟ್ ಮನೆ’ ಎಂದು ತೋರಿಸುತ್ತಾರೆ. ಜನ ಮುಗಿಬಿದ್ದು ಫೋಟೋ ತೆಗೆಸಿಕೊಳ್ಳುವ ಅದರ ಬಾಲ್ಕನಿಯನ್ನು ಜೋಡಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಂಗಳದಲ್ಲಿ ಹುಡುಗಿಯ ಕಂಚಿನ ಪ್ರತಿಮೆಯಿದೆ. ಅದೃಷ್ಟಕ್ಕೆಂದು ಮುಟ್ಟಿ ಮುಟ್ಟಿ ಸವೆಸಿದ್ದರಿಂದ 2014ರಲ್ಲಿ ಮೂಲವನ್ನು ಒಳಗಿಟ್ಟು ನಕಲನ್ನು ನಿಲ್ಲಿಸಿದರು. ನಾಟಕವೂ ಪ್ರತಿಮೆಯಲ್ಲೇ ಮುಗಿಯುತ್ತದೆ. ನಿನ್ನ ಮಗಳ ಪ್ರತಿಮೆಯನ್ನು ಅಪ್ಪಟ ಚಿನ್ನದಲ್ಲಿ ಮಾಡಿಸುತ್ತೇನೆ ಎನ್ನುತ್ತಾನೆ ಮಾಂಟೆಗ್ಯೂ. ಅಷ್ಟೇ ಬೆಲೆಯ ರೋಮಿಯೋನನ್ನು ಅವಳ ಪಕ್ಕ ಮಲಗಿಸುತ್ತೇನೆ ಎನ್ನುತ್ತಾನೆ ಕ್ಯಾಪುಲೆಟ್. ಮಕ್ಕಳ ಹೆಣ ಮುಂದಿಟ್ಟುಕೊಂಡೂ ಒಬ್ಬರಿಗೊಬ್ಬರು ಸೋಲಲೊಲ್ಲರು. ಆದರೆ ಅದೇ ಉಸಿರಿನಲ್ಲಿ ಕ್ಯಾಪುಲೆಟ್ ಇನ್ನೊಂದು ಮಾತು ಹೇಳುತ್ತಾನೆ, ಅದು ನಾಟಕದಲ್ಲಿ ಅವನ ಕೊನೆಯ ಮಾತು: ಈ ಎಳೆಯರು ನಮ್ಮ ಹಗೆಗೆ ಬಿದ್ದ ಬಲಿ ಎಂದು. ದುಡುಕು ಎನ್ನುವುದಿಲ್ಲ, ಪಾದ್ರಿ ಎನ್ನುವುದಿಲ್ಲ, ಹಣೆಬರಹ ಎನ್ನುವುದಿಲ್ಲ. ಅಪ್ಪ ತಾನೇ ತಪ್ಪೊಪ್ಪಿಕೊಂಡ ಮೊಕದ್ದಮೆಯಲ್ಲಿ ನಾವು ನಾನೂರು ವರ್ಷಗಳಿಂದ ಅವನ ಪರವಾಗಿ ವಕಾಲತ್ತು ಹಾಕುತ್ತಿದ್ದೇವೆ.

ಈ ವರ್ಷದಿಂದ ಆ ಎರಡು ತುಣುಕುಗಳ ಜೊತೆಗೆ ಮೂರನೆಯ ಅಂಕದ ಐದನೆಯ ದೃಶ್ಯವನ್ನೂ ತರಗತಿಯಲ್ಲಿ ಓದುತ್ತಿದ್ದೇನೆ. ಹುಡುಗಿ ಒಂದು ವಾರ ಕೇಳುವ ಕಡೆ ಬಂದಾಗ ಬೆಂಚುಗಳ ಸದ್ದು ನಿಲ್ಲುತ್ತದೆ. ಹಿಂದಿನ ಸಾಲಿನಿಂದ ಯಾರಾದರೊಬ್ಬರು, ಇದು ಪರೀಕ್ಷೆಗೆ ಬರುತ್ತಾ ಸಾರ್ ಎಂದು ಕೇಳುತ್ತಾರೆ. ಬರಲ್ಲ ಎನ್ನುತ್ತೇನೆ. ಆಮೇಲೆ ಅಪ್ಪನ ಮಾತುಗಳನ್ನು ಮೊದಲಿನಿಂದ ಇನ್ನೊಮ್ಮೆ ಓದುತ್ತೇನೆ.